ಹಿಂದಿನ ಸೀಟಿನಿಂದ: ದಿಬ್ಬದ ಮೇಲಿನ ಹುಡುಗಿ

ಮಕ್ಕಳೇ, ಹೋದ ಸಲ ಉರುಗ್ವೆಯ ಗಡಿ ದಾಟಿ ಬ್ರೆಜಿಲ್ ಒಳಗೆ ಕಾಲಿಟ್ಟಲ್ಲಿಗೆ ಕಥೆ ನಿಲ್ಲಿಸಿದ್ದೆ. ಇನ್ನು ವಾರಕ್ಕೆ ಮೂರು ಊರು ತೋರಿಸುತ್ತೇನೆ ಎಂದು ಜಂಬ ಬೇರೆ ಕೊಚ್ಚಿದ್ದೆ. ಈ ಸಲ ಒಂದೇ ಊರು. ಏಕೆಂದರೆ ಅಜ್ಜ ಬೈಕಿನಿಂದ ಬಿದ್ದರು.

ಗಾಬರಿಯಾಗಬೇಡಿ. ನಾವಿಬ್ಬರೂ ಹೆಲ್ಮೆಟ್ ಹಾಕಿದ್ದೆವು, ಬೈಕು ನಡಿಗೆಯ ವೇಗದಲ್ಲಿತ್ತು. ಸಾಂತಾ ಕತರಿನಾ ಎಂಬ ದ್ವೀಪದಲ್ಲಿ, ಕಡಲಿಗೆ ಹೋಗುವ ಒಂದು ಓಣಿಯಲ್ಲಿ ತಿರುಗುವಾಗ ಮಳೆಗೆ ನೆನೆದ ಕಲ್ಲುಹಾಸಿನ ಮೇಲೆ ಚಕ್ರ ಜಾರಿತು. ನಾನು ಹುಲ್ಲಿನ ಮೇಲೆ ಕುಕ್ಕರಿಸಿದೆ. ಇವರು ಎಡ ಹೆಗಲೂರಿ ಬಿದ್ದರು. ಸರಕಾರಿ ಆಸ್ಪತ್ರೆಯಲ್ಲಿ ಚಿತ್ರ ತೆಗೆದು, ಹೆಗಲ ಮುಂದಿನ ಎಲುಬು ಬಿರುಕು ಬಿಟ್ಟಿದೆ ಎಂದು ಕೈಯನ್ನು ಕೊರಳಿಗೆ ಜೋಲಿ ಕಟ್ಟಿದರು. ಪರದೇಶದವರೆಂದು ಒಂದು ಕಾಸೂ ಕೇಳಲಿಲ್ಲ. ಆದರೆ ಡಾಕ್ಟರಮ್ಮ ನಾಲ್ಕು ಬೆರಳೆತ್ತಿ ತೋರಿಸಿದಳು. ನಾಲ್ಕು ವಾರ ಬೈಕು ಮುಟ್ಟಬಾರದು!

ಹಾಗಾಗಿ ಕಂಪೆಶೆ ಎಂಬ ಕಡಲತೀರದಲ್ಲಿ ಎರಡು ಕೋಣೆಯ ಒಂದು ಮನೆ ಹಿಡಿದೆವು. ಬೆಂಗಳೂರಿನಿಂದ ಮಗ ದಿನಾ ಫೋನು ಮಾಡುತ್ತಿದ್ದ. "ಸಾಕಮ್ಮಾ, ಅರವತ್ತು ದಾಟಿದ ಮೇಲೆ ಇದೆಲ್ಲ ಬೇಕಾ? ಟಿಕೆಟ್ ಮಾಡಿಸ್ತೇನೆ, ಬಂದುಬಿಡಿ." ಇವರು ಕೇಳಿಸದಂತೆ ಕಿಟಕಿಯಾಚೆ ನೋಡುತ್ತಿದ್ದರು. ನಿಜ ಹೇಳುತ್ತೇನೆ, ಮೊದಲ ವಾರ ನನಗೂ ಮನೆ ಕಡೆಗೇ ಮನಸ್ಸು ಎಳೆಯುತ್ತಿತ್ತು.

ದ್ವೀಪ ಎಂದರೆ ದೋಣಿಯಲ್ಲಿ ಹೋಗುವ ಚಿಕ್ಕ ನಡುಗಡ್ಡೆಯಲ್ಲ. ಉದ್ದವೇ ಐವತ್ತು ಕಿಲೋಮೀಟರಿಗೂ ಹೆಚ್ಚು. ಫ್ಲೋರಿಯಾನೊಪೊಲಿಸ್ ಎಂಬ ರಾಜಧಾನಿ ಪಟ್ಟಣ ಬಹುಪಾಲು ಇದರ ಮೇಲೆಯೇ ಇದೆ. ಆಚೆಯ ನೆಲಕ್ಕೆ 1926ರಲ್ಲಿ ಕಟ್ಟಿದ ಎರ್ಸೀಲಿಯೊ ಲೂಸ್ ಎಂಬ ದೊಡ್ಡ ತೂಗುಸೇತುವೆ ಇದೆ. ಅದು ಹಳತಾಯಿತೆಂದು 1982ರಲ್ಲಿ ಮುಚ್ಚಿದವರು ಮತ್ತೆ ತೆರೆದದ್ದು 2019ರ ಕೊನೆಗೆ! ನಾವು ಪಕ್ಕದ ಹೊಸ ಸೇತುವೆಯ ಮೇಲೆ ಬಂದೆವು.

ಅಲ್ಲಿ ಮೇ, ಜೂನ್ ಎಂದರೆ ಚಳಿಗಾಲ. ನಡುಹಗಲಿನ ಸೂರ್ಯ ಬಡಗಣ ದಿಕ್ಕಿನಲ್ಲಿರುತ್ತಾನೆ. ಮೊದಲ ದಿನ ನಾನು ಬಟ್ಟೆಯನ್ನು ಮನೆಯ ತೆಂಕಣ ಬದಿಗೆ ಹರವಿ, ಸಂಜೆಯಾದರೂ ಒಣಗಲಿಲ್ಲವಲ್ಲ ಎಂದು ಬೇಜಾರು ಮಾಡಿಕೊಂಡಿದ್ದೆ. ಮನೆಯೊಡತಿ ನಕ್ಕು ಹಗ್ಗವನ್ನೇ ಬಿಚ್ಚಿ ಈಚೆ ಕಟ್ಟಿಕೊಟ್ಟಳು. ನಡುರಾತ್ರಿ ಎದ್ದು ನೋಡಿದರೆ ಚಂದ್ರನೊಳಗಿನ ಮೊಲ ತಲೆಕೆಳಗು. ಇನ್ನೊಂದು ಸೋಜಿಗ: ನಾನು ಹುಟ್ಟಿ ಬೆಳೆದದ್ದು ಹೊನ್ನಾವರದ ಕಡೆ, ಸೂರ್ಯ ಕಡಲಿನಲ್ಲಿ ಮುಳುಗುವುದನ್ನು ನೋಡುತ್ತ. ಇಲ್ಲಿ ಅವನು ಕಡಲಿನಿಂದ ಏಳುತ್ತಾನೆ. ಒಂದು ತಿಂಗಳಾದರೂ ನನಗೆ ಅದು ರೂಢಿಯಾಗಲೇ ಇಲ್ಲ.

ಭಾಷೆಗೆ ಹೆದರಿದ್ದೆ. ಅಲ್ಲಿ ಪೋರ್ಚುಗೀಸ್ ಮಾತಾಡುತ್ತಾರೆ. ಮನೆಯೊಡತಿ ಕೈಗೆ ಬೀಗದಕೈ ಕೊಟ್ಟು "ಶಾವಿ" ಎಂದಳು. ನಮ್ಮ ಚಾವಿ! ಕಿಟಕಿ ತೋರಿಸಿ "ಜನೆಲಾ" ಎಂದಳು. ನಮ್ಮ ಊರಿನಲ್ಲೂ ಜನೆಲ್ ಎಂದೇ ಹೇಳುವುದು. ನೀರು ತುಂಬುವ ಬಾಲ್ದಿ, ಬಟ್ಟೆ ಇಡುವ ಅಲಮಾರು, ಸಾಂಬಾರಿಗೆ ಹಾಕುವ ಬಟಾಟೆ, ಎಲ್ಲ ಸ್ವಲ್ಪ ರಾಗ ಬದಲಿಸಿಕೊಂಡು ಎದುರು ನಿಂತವು. ಐನೂರು ವರ್ಷಗಳ ಹಿಂದೆ ಗೋವೆಗೆ ಬಂದ ಪೋರ್ಚುಗೀಸರು ನಮ್ಮ ಕರಾವಳಿಗೆ ಬಿಟ್ಟುಹೋದ ಮಾತುಗಳಿವು. ಬ್ರೆಜಿಲ್ಲಿನ ಗೇರುಮರವನ್ನೂ ನಮ್ಮಲ್ಲಿಗೆ ತಂದವರು ಅವರೇ. ಹೊಸ ಮಾತಿಗೆ ಫೋನು, ಹಳೆ ಮಾತಿಗೆ ಬಾಯಿ ಎಂದು ನನ್ನ ವ್ಯವಹಾರ ನಡೆಯಿತು.

ಊರಿನ ದೊಡ್ಡ ಬೀದಿಯ ಹೆಸರು 'ಪುಟ್ಟ ರಾಜಕುಮಾರ'. ಶಾಲೆಯಲ್ಲಿ ಆ ಪುಸ್ತಕ ಓದಿದವರು ಕೈ ಎತ್ತಿ. 1943ರಲ್ಲಿ ಪ್ರಕಟವಾದ ಅದನ್ನು ಬರೆದ ಸೇಂತ್-ಎಕ್ಸುಪೆರಿ ಅದಕ್ಕೂ ಮೊದಲು ಟಪಾಲು ವಿಮಾನದ ಪೈಲಟ್ ಆಗಿದ್ದ. ಫ್ರಾನ್ಸಿನ ಟಪಾಲು ಹೊತ್ತ ವಿಮಾನಗಳು ಅರ್ಜೆಂಟೀನಾಗೆ ಹೋಗುವ ದಾರಿಯಲ್ಲಿ ಇಲ್ಲಿನ ಬಯಲಿನಲ್ಲಿ ಇಳಿಯುತ್ತಿದ್ದವು. ಇಲ್ಲಿನ ಬೆಸ್ತರಿಗೆ ಅಷ್ಟುದ್ದದ ಹೆಸರು ನಾಲಿಗೆಗೆ ಹತ್ತದೆ ಅವನನ್ನು 'ಜೆ ಪೆರಿ' ಎಂದು ಕರೆಯುತ್ತಿದ್ದರಂತೆ.

ಇನ್ನು ನಾನು ಹೇಳಬೇಕೆಂದು ಹೊರಟ ಸಂಗತಿಗೆ ಬರುತ್ತೇನೆ.

ಎರಡನೆಯ ದಿನ ಬೆಳಿಗ್ಗೆ ದಡದ ಕಡೆಯಿಂದ ಯಾರೋ "ತಾಯೀ...ನ್ಯಾ!" ಎಂದು ಕೂಗಿದ್ದು ಕೇಳಿಸಿತು. ಯಾರಪ್ಪಾ ಇಲ್ಲಿ ತಾಯಿಯನ್ನು ಕರೆಯುವವರು ಎಂದು ಓಡಿಹೋದೆ. ತಾಯೀನ್ಯಾ ಎಂದರೆ ಒಂದು ಮೀನು. ನಮ್ಮ ಕೊಂಕಣಿಯವರು ಶೆವ್ಟೊ ಎನ್ನುತ್ತಾರಲ್ಲ, ಅದೇ ಬಳಗದ್ದು. ಚಳಿ ಶುರುವಾಗಿ ತೆಂಕಣ ಗಾಳಿ ಬೀಸಿದಾಗ ಇದು ದೂರದ ಹಿನ್ನೀರುಗಳಿಂದ ಹೊರಟು ದಡದ ಹತ್ತಿರವೇ ಹಿಂಡುಹಿಂಡಾಗಿ ಮೇಲಕ್ಕೆ ಬರುತ್ತದೆ. ಮೇ ತಿಂಗಳಿನಿಂದ ಊರಿಗೆ ಊರೇ ಕಾಯುತ್ತದೆ. ಮೀನು ಬೆದರಬಾರದೆಂದು ಈ ದಿನಗಳಲ್ಲಿ ಕೆಲವು ತೀರಗಳಲ್ಲಿ ಹಲಗೆ ಹಿಡಿದು ಅಲೆಯ ಮೇಲೆ ಜಾರುವವರಿಗೂ ನಿರ್ಬಂಧವಿದೆ.

ಹಿಂಡು ಬಂತೆಂದು ಹೇಳುವವನು ಕಾವಲುಗಾರ. ಮರಳುದಿಬ್ಬದ ಮೇಲೆ ನಸುಕಿನಿಂದ ನಿಂತು ನೀರನ್ನೇ ನೋಡುವುದು ಅವನ ಕೆಲಸ. ಅವನು ಕೂಗಿ, ಅಂಗಿ ಬೀಸಿದರೆ ದೋಣಿ ನೀರಿಗೆ ಇಳಿಯುತ್ತದೆ. ಗರಪುವು ಎಂಬ ಮರದ ಒಂದೇ ಬೊಡ್ಡೆಯನ್ನು ಕೊರೆದು ಮಾಡಿದ ಹಳೇ ದೋಣಿ. ಈಗ ಆ ಮರವನ್ನು ಕಡಿಯುವಂತಿಲ್ಲವಾದ್ದರಿಂದ ಇದ್ದ ದೋಣಿಯನ್ನೇ ತೇಪೆ ಹಾಕಿ, ಬಣ್ಣ ಬಳಿದು ಅಜ್ಜನಂತೆ ನೋಡಿಕೊಳ್ಳುತ್ತಾರೆ. ದೋಣಿ ಬಲೆಯನ್ನು ಬಿಡುತ್ತ ಹಿಂಡನ್ನು ಸುತ್ತಿ ಬರುತ್ತದೆ. ಬಲೆಯ ಎರಡು ತುದಿಯ ಹಗ್ಗವನ್ನು ದಡದಲ್ಲಿ ನಿಂತವರು ಎಳೆಯುತ್ತಾರೆ. ಯಾರು ಬೇಕಾದರೂ ಎಳೆಯಬಹುದು. ಎಳೆದವರಿಗೆ ಮೀನು.

ನೋಡುತ್ತ ನೋಡುತ್ತ ನನ್ನ ಕಣ್ಣು ತುಂಬಿತು. ಇದು ನಮ್ಮ ರಂಪಣಿ! ಅಜ್ಜ ಅಜ್ಜಿಯರೇ, ಕರಾವಳಿಯವರಾದರೆ ನಿಮಗೆ ನೆನಪಿರಬಹುದು. ಕಾರವಾರದಿಂದ ಮಂಗಳೂರಿನವರೆಗೆ ಮಳೆಗಾಲ ಮುಗಿದ ಮೇಲೆ ಬಂಗುಡೆ, ತಾರ್ಲೆಗೆ ಹಾಕುತ್ತಿದ್ದ ಆ ದೊಡ್ಡ ಬಲೆ. ಒಂದೊಂದು ಎಳೆತಕ್ಕೆ ನೂರಾರು ಕೈ. ನನ್ನ ಅಪ್ಪ ರಂಪಣಿಯ ಹಗ್ಗ ಎಳೆದೇ ನಮ್ಮನ್ನು ಸಾಕಿದ. ಚಿಕ್ಕವರಾದ ನಾವೂ ಹಗ್ಗದ ಬಾಲ ಹಿಡಿದು ಎಳೆದಂತೆ ಮಾಡುತ್ತಿದ್ದೆವು, ಬುಟ್ಟಿಗೆ ನಾಲ್ಕು ಬಂಗುಡೆ ಬೀಳುತ್ತಿತ್ತು. ಎಪ್ಪತ್ತರ ದಶಕದ ಕೊನೆಗೆ ಪರ್ಸೀನ್ ಬೋಟುಗಳು ಬಂದು ಮೀನನ್ನು ಹೊರಕಡಲಿನಲ್ಲೇ ಬಳಿದುಕೊಂಡವು. ಅಪ್ಪನ ಪಾಲಿನ ಬಲೆ ಅಟ್ಟ ಸೇರಿತು. ಈಗ ಅಲ್ಲಲ್ಲಿ ಕೈರಂಪಣಿ ಉಳಿದಿದೆ, ಅಷ್ಟೆ.

ಆ ದಿಬ್ಬದ ಕಾವಲುಗಾರನಿಗೆ ಎಪ್ಪತ್ತರ ಮೇಲೆ ವಯಸ್ಸು. ಕಣ್ಣಿಗೆ ಪೊರೆ ಬಂದಿತ್ತು. ಅದಕ್ಕೇ ಹನ್ನೆರಡು ವರ್ಷದ ಮೊಮ್ಮಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕಲಿಸುತ್ತಿದ್ದ. ಎಲ್ಲರೂ ಅವಳನ್ನು 'ಮೆನೀನಾ' ಎನ್ನುತ್ತಿದ್ದರು. ಹಾಗೆಂದರೆ ಹುಡುಗಿ ಎಂದಷ್ಟೇ ಅರ್ಥ. ಅವಳು ಅವನನ್ನು 'ವೋ' ಎನ್ನುತ್ತಿದ್ದಳು, ಎಂದರೆ ಅಜ್ಜ. ಮೋಡದ ನೆರಳು ಯಾವುದು, ಪಾಚಿ ಯಾವುದು, ಮೀನು ಯಾವುದು? ನೆರಳು ಗಾಳಿಯ ಜೊತೆ ಓಡುತ್ತದೆ, ಪಾಚಿ ಅಲೆಯ ಜೊತೆ ಏರಿಳಿಯುತ್ತದೆ, ಮೀನಿನ ಹಿಂಡು ತನ್ನ ದಾರಿ ತಾನು ಹಿಡಿಯುತ್ತದೆ, ಅದರ ಅಂಚು ನಡುಗುತ್ತದೆ. ಇದಿಷ್ಟು ನನಗೆ ತಿಳಿಯುವಂತೆ ಹೇಳಲು ಅವನಿಗೆ ಮರಳಿನ ಮೇಲೆ ಕಡ್ಡಿಯಿಂದ ಚಿತ್ರ ಬರೆಯಬೇಕಾಯಿತು.

ಎರಡನೆಯ ವಾರ ಒಂದು ಬೆಳಿಗ್ಗೆ ಮೆನೀನಾ ಕೂಗಿದಳು. ದೋಣಿ ಹೋಯಿತು, ಬಲೆ ಬಿತ್ತು, ನಲವತ್ತು ಜನ ಚಳಿಯಲ್ಲಿ ತೊಡೆಮಟ್ಟ ನೀರಿನಲ್ಲಿ ನಿಂತು ಮುಕ್ಕಾಲು ಗಂಟೆ ಎಳೆದೆವು. ಬಲೆಯಲ್ಲಿ ಬಂದದ್ದು ಪಾಚಿ, ಒಂದಷ್ಟು ಪುಡಿಮೀನು. ಬೈಯಲಿಲ್ಲ ಯಾರೂ. ಆದರೆ ಒಬ್ಬ ತರುಣ ಆಕಾಶಕ್ಕೆ ಕೈ ತೋರಿಸಿ, ಮೋಡ ಹಿಡಿದೆವು ಎಂಬಂತೆ ಏನೋ ಅಂದ. ಎಲ್ಲರೂ ನಕ್ಕರು. ಬೈದಿದ್ದರೇ ವಾಸಿಯಿತ್ತು.

ಮರುದಿನದಿಂದ ಅವಳು ದಿಬ್ಬಕ್ಕೆ ಬರಲಿಲ್ಲ. ಮುದುಕ ಒಬ್ಬನೇ ಬರುತ್ತಿದ್ದ. ನಾವು ಅಡ್ಡಾಡಲು ಹೋದರೆ ನನ್ನನ್ನು ಕರೆದು ದೂರಕ್ಕೆ ಬೆರಳು ಮಾಡಿ, ಅಲ್ಲಿ ನೀರಿನ ಬಣ್ಣ ಹೇಗಿದೆ ಎಂದು ಕೇಳುತ್ತಿದ್ದ. ಕಡಲ ಮಗಳು ನಾನು, ಏನೂ ಕಾಣುತ್ತಿರಲಿಲ್ಲ. ನನಗೆ ಎಲ್ಲ ನೀಲಿಯೇ.

ಮನೆಯೊಡತಿಯ ಅಂಗಳಕ್ಕೆ ಹುಡುಗಿ ದಿನಾ ಸಂಜೆ ಬರುತ್ತಿದ್ದಳು, ಕಸೂತಿ ನೋಡಲು. ದಿಂಬಿನ ಮೇಲೆ ಮರದ ಸಣ್ಣ ಕಡ್ಡಿಗಳನ್ನು ಟಕಟಕ ಆಡಿಸುತ್ತ ನೂಲಿನ ಜಾಲರಿ ನೇಯುವುದು ಇಲ್ಲಿನ ಹೆಂಗಸರ ವಿದ್ಯೆ. 1748ರಿಂದ ಅಸೋರ್ಸ್ ದ್ವೀಪಗಳಿಂದ ಇಲ್ಲಿಗೆ ಬಂದು ನೆಲೆಸಿದವರು ಅದನ್ನು ಜೊತೆಗೆ ತಂದರು. ನಾನು ಅವಳ ಪಕ್ಕ ಕುಳಿತು ಫೋನಿನಲ್ಲಿ ಒಂದೊಂದೇ ವಾಕ್ಯ ತಿರುಗಿಸಿ ಅಪ್ಪನ ಕಥೆ ಹೇಳಿದೆ. ಅಪ್ಪನೂ ಒಮ್ಮೆ ಬಂಗುಡೆ ಎಂದು ಬರೀ ನೆರಳಿಗೆ ಬಲೆ ಹಾಕಿಸಿದ್ದ. ಊರವರು ವರ್ಷಗಟ್ಟಲೆ ಅದನ್ನು ಹೇಳಿ ನಗುತ್ತಿದ್ದರು. ಅಪ್ಪನೂ ನಗುತ್ತಿದ್ದ. ಅವಳು ಕೇಳಿದಳು: "ಆಮೇಲೆ ಅವರು ಮತ್ತೆ ಕೂಗಿದರಾ?"

"ಕೂಗದಿದ್ದರೆ ನಾವು ಊಟ ಮಾಡುತ್ತಿದ್ದದ್ದು ಹೇಗೆ?" ಅಂದೆ. ಅವಳು ಏನೂ ಹೇಳದೆ ಎದ್ದುಹೋದಳು.

ಮೂರನೆಯ ವಾರದ ಕೊನೆಗೆ ಎರಡು ದಿನ ತೆಂಕಣ ಗಾಳಿ ಬಡಿಯಿತು. ಬಾಗಿಲು, ಜನೆಲು ಎಲ್ಲ ಗಡಗಡ. ಮೂರನೆಯ ಬೆಳಿಗ್ಗೆ ಆಕಾಶ ತೊಳೆದಿಟ್ಟಂತಿತ್ತು. ನಾವು ದಿಬ್ಬ ಹತ್ತುವಾಗ ಹುಡುಗಿ ಆಗಲೇ ಅಜ್ಜನ ಪಕ್ಕದಲ್ಲಿದ್ದಳು. ಅವಳು ನೀರಿನ ಒಂದೇ ಕಡೆಗೆ ನೋಡುತ್ತಿದ್ದಳು, ಕೈಯಿಂದ ಬಾಯಿ ಮುಚ್ಚಿಕೊಂಡು. ಮುದುಕ ಕೇಳುತ್ತ ಹೋದ, ಅವಳು ಪಿಸುಗುಟ್ಟುತ್ತ ಹೋದಳು. ಬಣ್ಣ? ಕಪ್ಪು, ಅಂಚಿನಲ್ಲಿ ಕೆಂಪು. ಗಾಳಿಯ ಜೊತೆ ಹೋಗುತ್ತಿದೆಯಾ? ಇಲ್ಲ, ಅಡ್ಡ. ಅಂಚು? ನಡುಗುತ್ತಿದೆ.

ಮುದುಕನಿಗೆ ಅದೊಂದೂ ಕಾಣುತ್ತಿರಲಿಲ್ಲ. ತನ್ನ ಕೋಟು ಕಳಚಿ ಅವಳ ಕೈಗೆ ಕೊಟ್ಟ. ಅವಳು ಹಿಡಿದುಕೊಂಡು ನಿಂತೇ ಇದ್ದಳು. ಕೆಳಗೆ ದೋಣಿಯವರು ಕಾಫಿ ಕುಡಿಯುತ್ತಿದ್ದರು. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಹಿಂಡು ದಾಟಿಹೋದರೆ? ಅಥವಾ ಮತ್ತೆ ಪಾಚಿಯಾದರೆ?

"ತಾಯೀ...ನ್ಯಾ!"

ಕೋಟು ಗಾಳಿಯಲ್ಲಿ ಹಕ್ಕಿಯಂತೆ ಹೊಡೆದುಕೊಂಡಿತು. ಕಾಫಿ ಲೋಟಗಳು ಮರಳಿಗೆ ಬಿದ್ದವು. ಒಬ್ಬ ಒಂದು ಗಳಿಗೆ ತಡೆದು ದಿಬ್ಬದ ಕಡೆ ನೋಡಿದ, ಮುದುಕ ಕೈ ಎತ್ತಿ ಹೋಗಿ ಎಂದ. ದೋಣಿ ಅಲೆ ಸೀಳಿಕೊಂಡು ಹೋಯಿತು. ನಾವು ದಡಕ್ಕೆ ಓಡಿದೆವು. ಹಗ್ಗಕ್ಕೆ ಕೈ ಹಾಕುತ್ತಲೇ ನನಗೆ ತಿಳಿಯಿತು. ಐವತ್ತು ವರ್ಷವಾದರೂ ಅಂಗೈ ಮರೆತಿರಲಿಲ್ಲ. ಖಾಲಿ ಬಲೆ ಸತ್ತಂತೆ ಬರುತ್ತದೆ, ತುಂಬಿದ ಬಲೆ ಆಚೆಯಿಂದ ನಮ್ಮನ್ನು ಎಳೆಯುತ್ತದೆ. ಪಕ್ಕ ನೋಡಿದರೆ ಅಜ್ಜ ಜೋಲಿ ಕಟ್ಟಿದ ಕೈಯನ್ನು ಹಾಗೇ ಬಿಟ್ಟು ಬಲಗೈಯೊಂದರಿಂದ ಎಳೆಯುತ್ತಿದ್ದಾರೆ! ಬೈಯಲು ನನಗೆ ಉಸಿರಿರಲಿಲ್ಲ.

ಬಲೆ ದಡಕ್ಕೆ ಬಂದಾಗ ಬೆಳ್ಳಿ ಕುದಿದಂತಿತ್ತು. ಎಣಿಸಿದರು, ಎಂಟುನೂರು ಚಿಲ್ಲರೆ. ಮೋಡದ ಮಾತಾಡಿದ್ದ ತರುಣನೇ ಎಲ್ಲಕ್ಕಿಂತ ದೊಡ್ಡ ಮೀನೊಂದನ್ನು ಆರಿಸಿ, ದಿಬ್ಬ ಹತ್ತಿ, ಹುಡುಗಿಯ ಕೈಗೆ ಕೊಟ್ಟು ಬಂದ. ಅವಳು ಇಳಿದು ಬಂದಾಗ ಅಜ್ಜನ ಕೋಟನ್ನು ಇನ್ನೂ ಹಾಕಿಕೊಂಡೇ ಇದ್ದಳು, ತೋಳು ಮೊಣಕಾಲಿನವರೆಗೆ. ನನಗೂ ಇವರಿಗೂ ಒಂದೊಂದು ಮೀನು ಸಿಕ್ಕಿತು. ಒಂದು ಕೈಯವರಿಗೆ ಅರ್ಧ ಎಂದು ಯಾರೂ ಲೆಕ್ಕ ಹಾಕಲಿಲ್ಲ.

ಸಂಜೆ ಮನೆಯೊಡತಿ ಮೀನಿನ ಸಾರಿಗೆ ಮರಗೆಣಸಿನ ಹಿಟ್ಟು ಕದಡಿ ಗಂಜಿಯಂತೆ ಮಾಡುವುದನ್ನು ಕಲಿಸಿದಳು. ನಾನು ಒಂದಿಷ್ಟು ಮೆಣಸಿನ ಪುಡಿ ಸೇರಿಸಿದೆ, ಅವಳು ಕಣ್ಣೊರೆಸಿಕೊಂಡು ತಿಂದಳು. ಊಟದ ನಡುವೆ ಮಗನ ಫೋನು. ಅಲ್ಲಿ ಬೆಳಗಿನ ಐದು ಗಂಟೆ, ಪಾಪ, ಎದ್ದು ಕಾದಿದ್ದ.

"ಅಮ್ಮಾ, ಮುಂದಿನ ವಾರದ ಟಿಕೆಟ್ ಇದೆ. ಮಾಡಿಸಲಾ?"

ಮೆಟ್ಟಿಲ ಮೇಲೆ ಇವರು ಬಲಗೈಯಲ್ಲಿ ಬಟ್ಟೆ ಹಿಡಿದು ಬೈಕಿನ ಕನ್ನಡಿ ಒರೆಸುತ್ತಿದ್ದರು. ಕೈಯ ತುಂಬ ಮೀನಿನ ಪೊರೆ ಅಂಟಿತ್ತು.

"ಟಿಕೆಟ್ ಇರಲಿ ಮಗಾ," ಅಂದೆ. "ಸಾವೊ ಪಾಲೊ ಕಡೆ ಮುಂದಿನ ವಾರ ಮಳೆ ಇದೆಯಾ, ಅದನ್ನೊಂದು ನೋಡಿ ಹೇಳು."