ಕೇಳಿದ್ರೆ ಮಾತ್ರ ಕೊಡೋದಾ?

ಮಾಹಿತಿ ಹಕ್ಕಿನ ಅರ್ಜಿ ಬರೆಯೋಕೆ ನಮ್ಮ ಕರ್ನಾಟಕದಲ್ಲಿ ಎಷ್ಟು ಪದ ಬಳಸಬಹುದು ಗೊತ್ತಾ? ನೂರೈವತ್ತು. ತಮಾಷೆ ಅಲ್ಲ, 2008ರಲ್ಲಿ ರಾಜ್ಯ ಸರ್ಕಾರ ನಿಯಮಕ್ಕೆ ತಿದ್ದುಪಡಿ ತಂದು ಸೇರಿಸಿದ ಷರತ್ತು ಇದು. ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರುವಂತಿಲ್ಲ. ಕೇಂದ್ರದ 2012ರ ನಿಯಮದಲ್ಲಿ ಮಿತಿ 500 ಪದ. ಪದ ಹೆಚ್ಚಾಯ್ತು ಅನ್ನೋ ಒಂದೇ ಕಾರಣಕ್ಕೆ ಅರ್ಜಿ ತಿರಸ್ಕರಿಸಬಾರದು ಅಂತಲೂ ಅಲ್ಲೇ ಬರೆದಿದ್ದಾರೆ. ನಮಗೆ ಆ ಭಾಗ್ಯ ಇಲ್ಲ. ಕನ್ನಡದವರಿಗೆ ಒಂದೇ ಸಮಾಧಾನ ಅಂದ್ರೆ ಸಂಧಿ, ಸಮಾಸ ಮಾಡ್ಕೊಂಡು ನಾಲ್ಕು ಪದಾನ ಒಂದು ಮಾಡಬಹುದು. ಹೈಸ್ಕೂಲಲ್ಲಿ ಮೇಷ್ಟ್ರು ಕಲಿಸಿದ ವ್ಯಾಕರಣ ಕೊನೆಗೂ ಉಪಯೋಗಕ್ಕೆ ಬಂತು :)

ಆದ್ರೆ ‘ಒಂದೇ ವಿಷಯ’ ಅಂದ್ರೇನು? ರಸ್ತೆ ಒಂದು ವಿಷಯ, ಅದರ ಪಕ್ಕದ ಚರಂಡಿ ಇನ್ನೊಂದು ವಿಷಯಾನಾ? ಅದನ್ನ ತೀರ್ಮಾನ ಮಾಡೋದು ಮಾಹಿತಿ ಕೊಡಬೇಕಾದ ಅಧಿಕಾರಿನೇ. ಕೊಡೋ ಮನಸ್ಸಿಲ್ಲದವರ ಕೈಗೆ ಅಳತೆಗೋಲು ಕೊಟ್ಟ ಹಾಗಾಯ್ತು.

ನನ್ನ ನಿಜವಾದ ಸಿಟ್ಟು ಇದರ ಮೇಲಲ್ಲ. ನಾವು ಅರ್ಜಿ ಹಾಕೋ ಪರಿಸ್ಥಿತಿ ಬರ್ತಿರೋದರ ಮೇಲೆ. 2005ರ ಕಾಯ್ದೆಯ 4ನೇ ಸೆಕ್ಷನ್ ಒಮ್ಮೆ ಓದಿ ನೋಡಿ. ಪ್ರತಿ ಕಚೇರಿ 120 ದಿನದೊಳಗೆ 17 ಬಗೆಯ ಮಾಹಿತಿಯನ್ನ ತಾನಾಗೇ ಪ್ರಕಟಿಸಬೇಕು. ಯಾರಿಗೆ ಏನು ಅಧಿಕಾರ, ಸಂಬಳ ಎಷ್ಟು, ಬಜೆಟ್ ಎಷ್ಟು ಬಂತು, ಸಬ್ಸಿಡಿ ಯಾರಿಗೆ ಹೋಯ್ತು, ಪರವಾನಗಿ ಯಾರಿಗೆ ಸಿಕ್ತು, ಎಲ್ಲಾ. ಜನ ಈ ಕಾಯ್ದೆ ಬಳಸೋ ಅಗತ್ಯವೇ ಆದಷ್ಟು ಕಡಿಮೆಯಾಗೋ ಹಾಗೆ ತಾನಾಗೇ ಮಾಹಿತಿ ಕೊಡ್ತಾ ಇರಬೇಕು ಅಂತ ಕಾಯ್ದೆನೇ ಹೇಳುತ್ತೆ. ಅಂದ್ರೆ ಅರ್ಜಿ ಅನ್ನೋದು ಕೊನೆಯ ದಾರಿ ಆಗಬೇಕಿತ್ತು. ನಮ್ಮಲ್ಲಿ ಅದೇ ಮೊದಲ ದಾರಿ, ಬಹಳ ಸಲ ಅದೊಂದೇ ದಾರಿ.

ಪ್ರಕಟಿಸಿಲ್ವಾ ಅಂದ್ರೆ ಪ್ರಕಟಿಸಿರ್ತಾರೆ. ಯಾವಾಗಲೋ ವರ್ಗ ಆಗಿ ಹೋದ ಸಾಹೇಬರ ಹೆಸರು, ಸೊಟ್ಟಗೆ ಸ್ಕ್ಯಾನ್ ಮಾಡಿದ ಪುಟಗಳು. ಹುಡುಕೋಣ ಅಂದ್ರೆ ಅದು ಚಿತ್ರ, ಅಕ್ಷರ ಅಲ್ಲ. ಅಕ್ಷರಾನೇ ಆಗಿದ್ರೂ ಹಳೇ ನುಡಿ ಫಾಂಟು, ಕಾಪಿ ಮಾಡಿದ್ರೆ ಇಂಗ್ಲಿಷ್ ಅಕ್ಷರಗಳ ಕಿಚಡಿ. ನಾನು ಯುನಿಕೋಡ್‌ನಲ್ಲಿ ಬರೆದದ್ದನ್ನ ಗೂಗಲ್ ಹುಡುಕಿಕೊಡುತ್ತೆ, ಸರ್ಕಾರ ಕನ್ನಡದಲ್ಲಿ ಬರೆದದ್ದು ಅದಕ್ಕೆ ಸಿಗಲ್ಲ!

ಹೋದ ವರ್ಷ ನಮ್ಮ ಬೀದಿಯ ಚರಂಡಿ ಕೆಲಸದ ಅಂದಾಜುಪಟ್ಟಿ ಮತ್ತು ಅಳತೆ ಪುಸ್ತಕದ ನಕಲು ಕೇಳಿದ್ದೆ. ಹತ್ತು ರೂಪಾಯಿ ಶುಲ್ಕ, 90 ಚಿಲ್ಲರೆ ಪದ. 29ನೇ ದಿನ ಉತ್ತರ ಬಂತು, “ಕಚೇರಿಗೆ ಬಂದು ಕಡತ ಪರಿಶೀಲಿಸುವುದು”. ಅರ್ಧ ದಿನ ರಜೆ ಹಾಕಿ ಹೋದೆ. ಕೇಸ್ ವರ್ಕರ್ ರಜೆ, ಬೀರು ಕೀ ಅವರ ಹತ್ರ. ಅದೇ ಕಚೇರಿಯ ಮೇಲಧಿಕಾರಿಗೆ ಮೇಲ್ಮನವಿ ಹಾಕಿದೆ, ಸದ್ದೇ ಇಲ್ಲ. ಅದರ ಮೇಲೆ ಆಯೋಗಕ್ಕೆ ಹೋಗಬಹುದು. ಆದ್ರೆ ಎರಡನೇ ಮೇಲ್ಮನವಿ ಇಷ್ಟು ದಿನದಲ್ಲಿ ಮುಗಿಸಬೇಕು ಅಂತ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ತಡ ಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿ ದಂಡ, ಎಷ್ಟೇ ಆದ್ರೂ 25,000 ದಾಟಲ್ಲ. ಇದು 2005ರ ರೇಟು, ಇವತ್ತಿಗೂ ಅದೇ.

“ಕಂಪ್ಯೂಟರ್ ಇಲ್ಲ, ಸಿಬ್ಬಂದಿ ಇಲ್ಲ” ಅನ್ನೋ ಮಾತು ನಂಬೋಕೆ ನಾನು ತಯಾರಿಲ್ಲ. ಭೂಮಿ ಯೋಜನೆಯಲ್ಲಿ ಇಡೀ ರಾಜ್ಯದ ಪಹಣಿಗಳನ್ನ ಕಂಪ್ಯೂಟರಿಗೆ ಹಾಕಿದ್ದು ಇದೇ ಸರ್ಕಾರ, ಅದೂ 2000ದ ಸುಮಾರಿಗೆ. ಕೋಟಿಗಟ್ಟಲೆ ರೈತರ ಸರ್ವೆ ನಂಬರ್ ತೋರಿಸೋಕೆ ಆಗುತ್ತೆ, ಒಂದು ಚರಂಡಿಯ ಬಿಲ್ ತೋರಿಸೋಕೆ ಆಗಲ್ವಾ? ಬಿಲ್ ಪಾಸ್ ಆಗೋ ಮೊದಲು ಅಂದಾಜುಪಟ್ಟಿ, ಅಳತೆ, ಗುತ್ತಿಗೆದಾರರ ಹೆಸರು ಜಾಲತಾಣದಲ್ಲಿ ಯುನಿಕೋಡ್‌ನಲ್ಲಿ ಇರಬೇಕು, ಇಲ್ಲದಿದ್ರೆ ಹಣ ಬಿಡುಗಡೆ ಇಲ್ಲ ಅಂತ ಒಂದು ಆದೇಶ ಹೊರಡಿಸಲಿ. ಯಾರೂ ಹೇಳದೇನೇ ಎಲ್ಲಾ ಕಡತ ತಾವಾಗೇ ಮೇಲೆ ಬರ್ತಾವೆ.

ಆರ್‌ಟಿಐ ಹೆಸರಲ್ಲಿ ಬ್ಲ್ಯಾಕ್‌ಮೇಲ್ ಮಾಡ್ತಾರೆ ಅನ್ನೋರೂ ಇದಾರೆ. ಮಾಡೋರು ಇದಾರೆ, ಒಪ್ಪಿದೆ. ಆದ್ರೆ ಅವರಿಗೆ ವ್ಯಾಪಾರ ಸಿಗೋದೇ ಕಾಗದ ಬೀರುವಿನಲ್ಲಿ ಇರೋದರಿಂದ. ಊರಿಗೆಲ್ಲ ಕಾಣೋ ಕಾಗದಕ್ಕೆ ಯಾರು ದುಡ್ಡು ಕೊಡ್ತಾರೆ ಸ್ವಾಮಿ?

ಬಾಗಿಲು ತೆಗೆಯೋದು ಬಿಟ್ಟು ದೆಹಲಿಯಲ್ಲಿ ಚಿಲಕ ಹಾಕೋ ಕೆಲಸ ನಡೀತಿದೆ. 2019ರಲ್ಲಿ ಮಾಹಿತಿ ಆಯುಕ್ತರ ಅವಧಿ, ಸಂಬಳ ತೀರ್ಮಾನಿಸೋ ಅಧಿಕಾರವನ್ನ ಕೇಂದ್ರ ಸರ್ಕಾರ ತನ್ನ ಕೈಗೆ ತಗೊಂಡಿತು, ರಾಜ್ಯದ ಆಯುಕ್ತರದ್ದೂ ಸೇರಿಸಿ. ಆಮೇಲೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ 8(1)(ಜೆ) ಕಲಮನ್ನೇ ಬದಲಾಯಿಸಿತು, 2025ರ ನವೆಂಬರ್‌ನಲ್ಲಿ ಅದು ಜಾರಿಗೂ ಬಂತು. ಮೊದಲು ಸಾರ್ವಜನಿಕ ಕೆಲಸಕ್ಕೆ ಸಂಬಂಧವಿಲ್ಲದ ಖಾಸಗಿ ಮಾಹಿತಿಗೆ ಮಾತ್ರ ರಕ್ಷಣೆ ಇತ್ತು. ಶಾಸನಸಭೆಗೆ ನಿರಾಕರಿಸಲಾಗದ ಮಾಹಿತಿಯನ್ನ ಪ್ರಜೆಗೂ ನಿರಾಕರಿಸಬಾರದು ಅನ್ನೋ ಮಾತೂ ಅಲ್ಲೇ ಇತ್ತು. ಎರಡೂ ಹೋಯ್ತು. ಈಗ ‘ವೈಯಕ್ತಿಕ ಮಾಹಿತಿ’ ಅಂದ್ರೆ ಸಾಕು. ಸಾರ್ವಜನಿಕ ಹಿತ ದೊಡ್ಡದು ಅನ್ನಿಸಿದ್ರೆ ಕೊಡಬಹುದು ಅನ್ನೋ 8(2) ಉಳಿದಿದೆ, ಅನ್ನಿಸಬೇಕಾದ್ದು ಮತ್ತೆ ಅದೇ ಅಧಿಕಾರಿಗೆ.

ರಾಜಸ್ಥಾನದಲ್ಲಿ 1994ರಿಂದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಊರ ಮಧ್ಯೆ ಶಾಮಿಯಾನ ಹಾಕಿ ಕೂಲಿ ಹಾಜರಿ ಪಟ್ಟಿಯನ್ನ ಜೋರಾಗಿ ಓದಿ ಹೇಳ್ತಿದ್ರಲ್ಲ, ಈ ಕಾಯ್ದೆಯ ಬೇರು ಇರೋದೇ ಅಲ್ಲಿ. ಅವರು ಓದಿದ್ದೇನು? ಹೆಸರುಗಳನ್ನ. ಕೆಲಸಕ್ಕೇ ಬರದವರ ಹೆಸರಲ್ಲಿ ಕೂಲಿ ಬರೆದಿದ್ದು ಹೊರಬಿದ್ದದ್ದು ಹಾಗೆ. ಇವತ್ತು ಆ ಪಟ್ಟಿ ಕೇಳಿ ಅರ್ಜಿ ಹಾಕಿದ್ರೆ ಹೆಸರೆಲ್ಲ ವೈಯಕ್ತಿಕ ಅಂತ ಮಸಿ ಬಳಿದು, ಪುಟಕ್ಕೆ ಎರಡು ರೂಪಾಯಿ ತಗೊಂಡು, ಬರೀ ಮೊತ್ತ ಇರೋ ಕಾಗದ ಕೈಗಿಡೋಕೆ ಅಧಿಕಾರಿಗೆ ಈಗ ಕಾನೂನಿನದೇ ನೆಪ ಸಿಕ್ಕಿದೆ.