ಉದ್ದನಪಲ್ಲಿ ಗಾಳಿಯ ಲೆಕ್ಕ ಆಕಾಶದಲ್ಲಿದೆ, ನೆಲದಲ್ಲಿಲ್ಲ

ಉದ್ದನಪಲ್ಲಿ: ಹೊಸೂರಿನಿಂದ ರಾಯಕೋಟೆ ಕಡೆಗೆ ಹೋಗುವ ರಸ್ತೆಯ ಈ ಊರಿನಲ್ಲಿ ಟೊಮೆಟೊ ರೇಟು ಎಷ್ಟಾಯಿತು, ಬೋರಿನಲ್ಲಿ ನೀರು ಎಷ್ಟು ಅಡಿಗೆ ಇಳಿಯಿತು ಎಂದು ಕೇಳಿದರೆ ಥಟ್ಟನೆ ಉತ್ತರ ಸಿಗುತ್ತದೆ. ಉಸಿರಾಡುವ ಗಾಳಿಯಲ್ಲಿ ಧೂಳು ಎಷ್ಟಿದೆ ಎಂದು ಕೇಳಿದರೆ ಮಾತ್ರ ಯಾರ ಬಳಿಯೂ ಲೆಕ್ಕವಿಲ್ಲ. ದಿನವಿಡೀ ಗಾಳಿ ಅಳೆಯುವ ಸರಕಾರಿ ಯಂತ್ರ ಹತ್ತಿರದಲ್ಲಿ ಇರುವುದು ಹೊಸೂರಿನಲ್ಲಿ, ಅದು ಬಿಟ್ಟರೆ ಗಡಿಯಾಚೆ ಜಿಗಣಿಯಲ್ಲಿ. ಕೇಂದ್ರ ಸರಕಾರ 2019ರ ಜನವರಿಯಲ್ಲಿ ಆರಂಭಿಸಿದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮವೂ ನಗರಗಳ ಪಟ್ಟಿ ಹಿಡಿದುಕೊಂಡೇ ನಡೆಯುತ್ತಿದೆ. ಹಳ್ಳಿಗೆ ಅದರಲ್ಲಿ ಖಾತೆಯೇ ಇಲ್ಲ.

ಹಾಗಂತ ಈ ಊರಿನ ಗಾಳಿಯನ್ನು ಯಾರೂ ನೋಡಿಯೇ ಇಲ್ಲ ಎನ್ನುವಂತಿಲ್ಲ. ಕಾಲು ಶತಮಾನದಿಂದ ಉಪಗ್ರಹಗಳು ಇದರ ಮೇಲೆ ದಿನವೂ ಹಾದುಹೋಗುತ್ತಿವೆ. ಸುತ್ತಮುತ್ತ ಕಾರ್ಖಾನೆಗಳು ಏಳುತ್ತಿರುವ ಈ ಹೊತ್ತಿನಲ್ಲಿ ಆ ದಾಖಲೆ ಹಳ್ಳಿಯವರಿಗೆ ಎಷ್ಟರಮಟ್ಟಿಗೆ ಉಪಯೋಗಕ್ಕೆ ಬಂದೀತು, ಎಲ್ಲಿ ಕೈಕೊಟ್ಟೀತು ಎಂಬುದನ್ನು ತಿಳಿದಿರುವುದು ಒಳ್ಳೆಯದು.

ಅಷ್ಟು ಎತ್ತರದಿಂದ ಕಾಣುವುದು ಹೇಗೆ?

ಡಿಸೆಂಬರಿನ ಮಂಜಿನಲ್ಲಿ ಎದುರು ಬರುವ ಲಾರಿಯ ಹೆಡ್‌ಲೈಟು ಮಬ್ಬಾಗಿ ಕಾಣುತ್ತದಲ್ಲ, ಉಪಗ್ರಹದ ಕೆಲಸವೂ ಹೆಚ್ಚುಕಮ್ಮಿ ಅದೇ ತತ್ವದ್ದು. ಸೂರ್ಯನ ಬೆಳಕು ಗಾಳಿಯೊಳಗಿನ ಧೂಳು, ಹೊಗೆ ಕಣಗಳಿಗೆ ಬಡಿದು ಚದುರುತ್ತದೆ. ಮೇಲಕ್ಕೆ ಮರಳುವ ಬೆಳಕನ್ನು ಅಳೆದು, ನೆಲದಿಂದ ಆಕಾಶದವರೆಗಿನ ಗಾಳಿಯಲ್ಲಿ ಒಟ್ಟು ಎಷ್ಟು ಕಣ ತೇಲುತ್ತಿದೆ ಎಂದು ಲೆಕ್ಕ ಹಾಕುತ್ತಾರೆ. ಅಮೆರಿಕದ ನಾಸಾ ಸಂಸ್ಥೆಯ ಟೆರ್ರಾ ಉಪಗ್ರಹ 1999ರ ಡಿಸೆಂಬರಿನಲ್ಲಿ, ಅಕ್ವಾ 2002ರ ಮೇ ತಿಂಗಳಲ್ಲಿ ಹಾರಿದವು. ನಮ್ಮ ಇಸ್ರೋದ ಇನ್ಸಾಟ್-3ಡಿ 2013ರಲ್ಲಿ ಬಂತು. 2017ರ ಅಕ್ಟೋಬರಿನಲ್ಲಿ ಹೋದ ಯುರೋಪಿನ ಸೆಂಟಿನೆಲ್-5ಪಿ, ವಾಹನ ಮತ್ತು ಬಾಯ್ಲರುಗಳಿಂದ ಬರುವ ನೈಟ್ರೋಜನ್ ಡೈಆಕ್ಸೈಡನ್ನೂ ಗುರುತಿಸುತ್ತದೆ.

ಇವುಗಳಲ್ಲಿ ಮುಖ್ಯವಾಗಿ ಬೇಕಾದ ಲೆಕ್ಕ ಪಿಎಂ 2.5 ಎಂಬ ಸೂಕ್ಷ್ಮ ಕಣದ್ದು. ತಲೆಕೂದಲಿನ ದಪ್ಪದ ಇಪ್ಪತ್ತರಲ್ಲಿ ಒಂದು ಪಾಲೂ ಇಲ್ಲದ ಈ ಕಣ ಮೂಗಿನಲ್ಲಿ ನಿಲ್ಲದೆ ಶ್ವಾಸಕೋಶದ ತಳಕ್ಕೆ ಇಳಿಯುತ್ತದೆ, ಅಲ್ಲಿಂದ ರಕ್ತಕ್ಕೂ ಸೇರುತ್ತದೆ. ಒಂದು ಘನ ಮೀಟರ್ ಗಾಳಿಯಲ್ಲಿ ವರ್ಷದ ಸರಾಸರಿ 40 ಮೈಕ್ರೋಗ್ರಾಂ ದಾಟಬಾರದು ಎಂಬುದು ಭಾರತದ ಮಾನದಂಡ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಈ ಮಿತಿಯನ್ನು 5ಕ್ಕೆ ಇಳಿಸಿದೆ.

ಹಳ್ಳಿ ಗಾಳಿ ಚೊಕ್ಕಟ ಎಂಬ ನಂಬಿಕೆ

ಉಪಗ್ರಹದ ಲೆಕ್ಕ ಕೈಗೆ ಬಂದ ಮೇಲೆ ಮೊದಲು ಬಿದ್ದುಹೋದದ್ದೇ ಈ ನಂಬಿಕೆ. ದಿಲ್ಲಿ ಐಐಟಿಯ ಸಾಗ್ನಿಕ್ ಡೇ ಮತ್ತು ಸಂಗಡಿಗರು 2000ದಿಂದ 2019ರವರೆಗಿನ ಉಪಗ್ರಹ ದಾಖಲೆ ಕೂಡಿಸಿ, ದೇಶವನ್ನು ಒಂದೊಂದು ಕಿ.ಮೀ. ಚೌಕವಾಗಿ ಭಾಗ ಮಾಡಿ ಪಿಎಂ 2.5 ಲೆಕ್ಕವನ್ನು 2020ರಲ್ಲಿ ಹೊರತಂದರು. ಅದೇ ವರ್ಷ ಎ.ಆರ್. ರವಿಶಂಕರ ಮತ್ತು ಜೊತೆಗಾರರು ಅಮೆರಿಕದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಬರೆದ ಲೇಖನ, ಭಾರತದ ಹೊಗೆ ನಗರದ್ದೊಂದೇ ಸಮಸ್ಯೆಯಲ್ಲ, ಹಳ್ಳಿಗಳೂ ಅದೇ ಮಟ್ಟದಲ್ಲಿ ಉಸಿರುಗಟ್ಟುತ್ತಿವೆ ಎಂದು ತೋರಿಸಿತು. ರವಿಶಂಕರ ಅವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಓದಿ ಅಮೆರಿಕಕ್ಕೆ ಹೋದ ನಮ್ಮವರೇ ಎಂಬುದು ಗಮನಾರ್ಹ.

ಆರೋಗ್ಯದ ವಿಷಯಕ್ಕೆ ಬಂದರೆ, 2024ರ ಡಿಸೆಂಬರಿನಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ದೊಡ್ಡದು. 655 ಜಿಲ್ಲೆಗಳ 2009ರಿಂದ 2019ರವರೆಗಿನ ಸಾವಿನ ಅಂಕಿಗಳನ್ನು, ಉಪಗ್ರಹ ಮತ್ತು ನೆಲದ ಅಳತೆ ಎರಡನ್ನೂ ಬೆರೆಸಿ ತಯಾರಿಸಿದ ಪಿಎಂ 2.5 ಅಂಕಿಗಳ ಜೊತೆ ತಾಳೆ ನೋಡಲಾಯಿತು. ವರ್ಷದ ಸರಾಸರಿ 10 ಮೈಕ್ರೋಗ್ರಾಂ ಏರಿದರೆ ಸಾವಿನ ಪ್ರಮಾಣ ಶೇ. 8.6ರಷ್ಟು ಏರುತ್ತದೆ ಎಂದು ಕಂಡುಬಂತು. ದೇಶದ ಗಾಳಿ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯೊಳಗೆ ಇದ್ದಿದ್ದರೆ ವರ್ಷಕ್ಕೆ ಸುಮಾರು 15 ಲಕ್ಷ ಸಾವು ತಪ್ಪುತ್ತಿತ್ತು ಎಂಬುದು ಅವರ ಅಂದಾಜು.

ತಮಿಳುನಾಡಿನದೇ ಲೆಕ್ಕವೂ ಇದೆ. ಚೆನ್ನೈನ ಶ್ರೀ ರಾಮಚಂದ್ರ ಸಂಸ್ಥೆಯವರು ಹಳ್ಳಿ ಮತ್ತು ಪೇಟೆಯ 1,285 ಗರ್ಭಿಣಿಯರನ್ನು ಹೆರಿಗೆಯವರೆಗೆ ಗಮನಿಸಿ 2018ರಲ್ಲಿ ವರದಿ ಕೊಟ್ಟರು. ಇದು ಆಕಾಶದಿಂದಲ್ಲ, ನೆಲದಲ್ಲೇ ಅಳೆದು ಮಾಡಿದ ಕೆಲಸ. ಬಸುರಿಯ ಉಸಿರಿಗೆ 10 ಮೈಕ್ರೋಗ್ರಾಂ ಹೆಚ್ಚಾದಂತೆ ಮಗುವಿನ ತೂಕ ಸರಾಸರಿ 4 ಗ್ರಾಂ ಇಳಿದಿತ್ತು. 4 ಗ್ರಾಂ ಏನು ಮಹಾ ಎನ್ನಬಹುದು. ಒಂದು ಮಗುವಿಗೆ ಅದು ಏನೂ ಅಲ್ಲ. ಇಡೀ ತಾಲೂಕಿನ ಮಕ್ಕಳನ್ನು ತೆಗೆದುಕೊಂಡರೆ, ಕಡಿಮೆ ತೂಕದ ಗೆರೆಯ ಅಂಚಿನಲ್ಲಿರುವ ಕೆಲವರು ಕೆಳಗೆ ಜಾರುತ್ತಾರೆ.

ಆಕಾಶಕ್ಕೆ ಕಾಣದ್ದು

ಇಷ್ಟು ಓದಿದವರು ಇನ್ನೇನು, ಉಪಗ್ರಹವೇ ಎಲ್ಲ ಹೇಳುತ್ತದೆ ಎಂದು ಕೂತರೆ ಕಷ್ಟ. ಮೋಡ ಕವಿದರೆ ಅದಕ್ಕೆ ಏನೂ ಕಾಣದು. ಮುಂಗಾರು, ಹಿಂಗಾರು ಎರಡೂ ಇರುವ ಈ ಭಾಗದಲ್ಲಿ ಎಷ್ಟೋ ದಿನಗಳ ಲೆಕ್ಕ ಹಾಗೆಯೇ ಖಾಲಿ ಬೀಳುತ್ತದೆ. ಸೆಂಟಿನೆಲ್-5ಪಿ ಹಾಯುವುದು ಮಧ್ಯಾಹ್ನ ಒಂದೂವರೆಯ ಸುಮಾರಿಗೆ. ರಾತ್ರಿ ಪಾಳಿಯಲ್ಲಿ ಬಿಡುವ ಹೊಗೆ, ಬೆಳಗಿನ ಜಾವ ಸುಡುವ ಕಸ ಅದರ ಕಣ್ಣಿಗೆ ಬೀಳುವುದು ಖಾತ್ರಿಯಿಲ್ಲ.

2024ರ ಸೆಪ್ಟೆಂಬರ್ 28ರ ಬೆಳಿಗ್ಗೆ ಈ ಭಾಗದ ಟಾಟಾ ಎಲೆಕ್ಟ್ರಾನಿಕ್ಸ್ ಘಟಕದಲ್ಲಿ ಬೆಂಕಿ ಬಿದ್ದು ದಟ್ಟ ಹೊಗೆ ಎದ್ದದ್ದು ಊರಿನವರಿಗೆ ನೆನಪಿದೆ. ಕಾರ್ಮಿಕರನ್ನು ಹೊರಗೆ ಕಳಿಸಿ ಉತ್ಪಾದನೆ ನಿಲ್ಲಿಸಬೇಕಾಯಿತು. ಅಂಥ ಹೊತ್ತಿನಲ್ಲಿ ಸುತ್ತಲಿನ ಮನೆಯವರು ಏನು ಉಸಿರಾಡಿದರು ಎಂದು ಹೇಳಬೇಕಾದರೆ ಪಕ್ಕದಲ್ಲೇ ನೆಲದ ಮೇಲೆ ಯಂತ್ರ ಇರಬೇಕು. ದಿನಕ್ಕೊಮ್ಮೆ ಹಾಯುವ ಉಪಗ್ರಹದಿಂದ ಆ ಕೆಲಸ ಆಗದು.

ಜಲ್ಲಿ ಕ್ರಷರಿನ ಧೂಳಿನದೂ ಬೇರೆ ಕಥೆ. ಅದರ ದಪ್ಪ ಕಣ ಬಹಳ ದೂರ ಹೋಗದೆ ಹತ್ತಿರದ ತೋಟದ ಎಲೆ ಮೇಲೆ, ಮನೆಯ ಹೆಂಚಿನ ಮೇಲೆ ಕೂರುತ್ತದೆ. ಒಂದು ಕಿ.ಮೀ. ಚೌಕದ ಸರಾಸರಿಯಲ್ಲಿ ಅದು ಕರಗಿಹೋಗುತ್ತದೆ. ಕ್ರಷರಿನಲ್ಲಿ ದುಡಿಯುವವನ ಎದೆಗೆ ಹತ್ತುವ ಸಿಲಿಕೋಸಿಸ್ ಕಾಯಿಲೆಯನ್ನು ಹಿಡಿಯಬೇಕಾದರೆ ಎಕ್ಸ್‌ರೇ ತೆಗೆಸಬೇಕೇ ಹೊರತು ಮೇಲಿಂದ ನೋಡಿ ಪ್ರಯೋಜನವಿಲ್ಲ. ಅಡುಗೆಮನೆಯ ಸೌದೆ ಒಲೆಯ ಹೊಗೆಯನ್ನು ಹೆಣ್ಣುಮಕ್ಕಳು ಸೂರಿನ ಕೆಳಗೆ ಎಷ್ಟು ನುಂಗುತ್ತಾರೆ ಎಂಬುದೂ ಅದಕ್ಕೆ ತಿಳಿಯದು.

ಅಂಕಿಯನ್ನು ಓದುವುದರಲ್ಲೂ ಎಚ್ಚರ ಬೇಕು. 2020ರ ಲಾಕ್‌ಡೌನಿನಲ್ಲಿ ಉತ್ತರ ಭಾರತದ ಮೇಲಿನ ತೇಲುಕಣ 20 ವರ್ಷಗಳಲ್ಲೇ ಕನಿಷ್ಠ ಮಟ್ಟಕ್ಕೆ ಇಳಿದಿದೆ ಎಂದು ನಾಸಾ ಹೇಳಿತು. ಅದೇ ಹೊತ್ತಿಗೆ ದಕ್ಷಿಣದಲ್ಲಿ ಅಂಥ ಇಳಿಕೆ ಕಾಣಲಿಲ್ಲ ಎಂದೂ ಹೇಳಿತು. ಲಾರಿ ನಿಂತರೂ ಕಣ ಇಳಿಯಲಿಲ್ಲ ಅಂದರೆ ಗಾಳಿಯ ದಿಕ್ಕು, ಹವೆ, ಬೇರೆ ಕಡೆಯ ಬೆಂಕಿ ಎಲ್ಲವನ್ನೂ ಕಳೆದು ಕೂಡಿಸದೆ ತೀರ್ಮಾನಕ್ಕೆ ಬರುವಂತಿಲ್ಲ.

ಇನ್ನೊಂದು ಮುಖ್ಯ ಮಾತು. ಉಪಗ್ರಹಕ್ಕೆ ಕಂಡ ಮಬ್ಬನ್ನು ಮೈಕ್ರೋಗ್ರಾಂ ಲೆಕ್ಕಕ್ಕೆ ತಿರುಗಿಸುವುದು ನೆಲದ ಯಂತ್ರಗಳ ಅಂಕಿಯನ್ನು ಒರೆಗೆ ಹಚ್ಚಿಯೇ. ಆ ಯಂತ್ರಗಳು ಹೆಚ್ಚಾಗಿ ಇರುವುದು ಪೇಟೆಗಳಲ್ಲಿ. ಅಂದಮೇಲೆ ಹಳ್ಳಿಯ ಗಾಳಿಯನ್ನು ಪೇಟೆಯ ತಕ್ಕಡಿಯಲ್ಲಿ ತೂಗಿದ ಹಾಗೆಯೇ ಆಯಿತು.

ಆರಂಭದ ಶಿಲ್ಕು ಎಲ್ಲಿ?

ಯಾವುದೇ ಅಂಗಡಿಯ ಜಮಾ-ಖರ್ಚು ಬರೆಯುವವನು ಮೊದಲು ನೋಡುವುದು ಆರಂಭದ ಶಿಲ್ಕು ಎಷ್ಟು ಎಂದು. ಅದು ಇಲ್ಲದಿದ್ದರೆ ವರ್ಷದ ಕೊನೆಗೆ ಲಾಭವೋ ನಷ್ಟವೋ ಹೇಳಲಾಗದು. ಉದ್ದನಪಲ್ಲಿಯ ಪ್ರಶ್ನೆಯೂ ಇದೇ. ಉದ್ದನಪಲ್ಲಿ, ಅಯರ್ನಪಲ್ಲಿ, ನಾಗಮಂಗಲ ಭಾಗದಲ್ಲಿ ಸಿಪ್ಕಾಟ್‌ಗೆ ಸಾವಿರಾರು ಎಕರೆ ಭೂಮಿ ತೆಗೆದುಕೊಳ್ಳುವುದನ್ನು ವಿರೋಧಿಸಿ 2023ರಲ್ಲಿ ರೈತರು ತಿಂಗಳುಗಟ್ಟಲೆ ಧರಣಿ ಕೂತಿದ್ದರು. ಆಗ ಚರ್ಚೆಯಾದದ್ದು ಹೆಚ್ಚಾಗಿ ಭೂಮಿ ಮತ್ತು ಪರಿಹಾರ. ಗಾಳಿಯ ಮಾತು ಹಿಂದೆ ಉಳಿಯಿತು.

ಕಾನೂನಿನಲ್ಲಿ ಅದಕ್ಕೆ ಜಾಗವಿದೆ. 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ದೊಡ್ಡ ಕೈಗಾರಿಕಾ ಎಸ್ಟೇಟಿಗೆ ಮುಂಚಿತವಾಗಿ ಅಧ್ಯಯನ, ಸಾರ್ವಜನಿಕ ವಿಚಾರಣೆ ಆಗಬೇಕು. ಈ ಅಧ್ಯಯನಗಳಲ್ಲಿ ಗಾಳಿಯನ್ನು ಸಾಮಾನ್ಯವಾಗಿ ಒಂದು ಋತು ಮಾತ್ರ ಅಳೆಯುತ್ತಾರೆ. ಒಮ್ಮೆ ಎಸ್ಟೇಟಿಗೆ ಅನುಮತಿ ಸಿಕ್ಕಿತೆಂದರೆ ಒಳಗೆ ಬರುವ ಕಾರ್ಖಾನೆಗಳಿಗೆ ಬೇರೆ ಬೇರೆ ವಿಚಾರಣೆಯ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಅಂದರೆ ಹಳ್ಳಿಯವರಿಗೆ ಬಾಯಿ ತೆರೆಯಲು ಸಿಗುವುದು ಒಂದೇ ಅವಕಾಶ. ಆ ದಿನ ಮೂರು ತಿಂಗಳ ಅಳತೆಯ ಎದುರಿಗೆ ಇಪ್ಪತ್ತು ವರ್ಷದ ಉಪಗ್ರಹ ದಾಖಲೆ ಇಡುವುದಕ್ಕೂ, ಬರೀ ಬಾಯಿಮಾತಿನಲ್ಲಿ ಧೂಳು ಜಾಸ್ತಿ ಸ್ವಾಮಿ ಅನ್ನುವುದಕ್ಕೂ ವ್ಯತ್ಯಾಸವಿದೆ. ನಾಸಾ ಮತ್ತು ಯುರೋಪಿನ ಈ ದಾಖಲೆಗಳು ಯಾರು ಬೇಕಾದರೂ ದುಡ್ಡಿಲ್ಲದೆ ಪಡೆಯಬಹುದಾದವು. ಹೊಸೂರಿನ ಕಾಲೇಜು ಹುಡುಗರು ಮನಸ್ಸು ಮಾಡಿದರೆ ತೆಗೆದುಕೊಡಬಲ್ಲರು.

ಕನ್ನಡ ಮಾತಾಡುವ ಮನೆಗಳಿಗೆ ಇನ್ನೊಂದು ತೊಡಕು. ವರದಿಯ ಸಾರಾಂಶ ಇಂಗ್ಲಿಷಿನ ಜೊತೆಗೆ ರಾಜ್ಯದ ಅಧಿಕೃತ ಭಾಷೆ ಅಥವಾ ಸ್ಥಳೀಯ ಭಾಷೆಯಲ್ಲಿ ಇರಬೇಕು ಎನ್ನುತ್ತದೆ ನಿಯಮ. ಇಲ್ಲಿ ಅದು ತಮಿಳು ಆಗುವುದು ಸಹಜ. ತಮಿಳು ಮಾತು ಅರ್ಥವಾದರೂ ಓದಲು ಬಾರದ ಹಿರಿಯರು ಗಡಿ ಹಳ್ಳಿಗಳಲ್ಲಿ ಇದ್ದಾರೆ. ಕನ್ನಡದಲ್ಲೂ ನಾಲ್ಕು ಪುಟ ಕೊಡಿ ಎಂದು ಕೇಳುವುದರಲ್ಲಿ ಭಾಷೆಯ ಜಗಳವೇನೂ ಇಲ್ಲ.

ಗಾಳಿಗಂತೂ ಜೂಜುವಾಡಿ ಚೆಕ್‌ಪೋಸ್ಟ್ ಲೆಕ್ಕಕ್ಕಿಲ್ಲ. ಮುಂಗಾರಿನಲ್ಲಿ ಪಡುವಣ ಗಾಳಿ ಆಚೆಯದನ್ನು ಈಚೆ ತರುತ್ತದೆ, ಚಳಿಗಾಲದಲ್ಲಿ ಮೂಡಣ ಗಾಳಿ ಈಚೆಯದನ್ನು ಆನೇಕಲ್, ಅತ್ತಿಬೆಲೆ ಕಡೆಗೆ ಒಯ್ಯುತ್ತದೆ. ಅಳೆಯುವ ಮಂಡಳಿಗಳು ಮಾತ್ರ ಎರಡು, ಪುಸ್ತಕವೂ ಎರಡು. ಎರಡನ್ನೂ ಒಟ್ಟಿಗೆ ತೋರಿಸುವುದು ಸದ್ಯಕ್ಕೆ ಉಪಗ್ರಹದ ಚಿತ್ರವೊಂದೇ.

ಕೇಳಬೇಕಾದದ್ದು ದೊಡ್ಡದೇನಲ್ಲ. ಉದ್ದನಪಲ್ಲಿ ಆಸುಪಾಸಿನಲ್ಲಿ ಗಾಳಿ ಅಳೆಯುವ ಒಂದು ಯಂತ್ರ, ಅದರ ಅಂಕಿ ದಿನವೂ ಜನರಿಗೆ ಕಾಣುವಂತೆ ಒಂದು ಬೋರ್ಡು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೆಮ್ಮು, ಉಬ್ಬಸ ಅಂತ ಬರುವವರ ಸಂಖ್ಯೆ ಮತ್ತು ಹುಟ್ಟುವ ಮಕ್ಕಳ ತೂಕ, ಊರಿನ ಬಾಬ್ತು ಪ್ರತ್ಯೇಕ ಮಾಡಿ ತಿಂಗಳಿಗೊಮ್ಮೆ ಬರೆದಿಡುವುದು. ಈ ಎರಡು ಇದ್ದರೆ ಆಕಾಶದ ಲೆಕ್ಕಕ್ಕೆ ನೆಲದಲ್ಲಿ ಸಾಕ್ಷಿ ಸಿಗುತ್ತದೆ. ಯಾರ ಕೆಮ್ಮು ಯಾವ ಚಿಮಣಿಯದು ಎಂದು ಆಗಲೂ ಬೆರಳಿಟ್ಟು ತೋರಿಸಲಾಗದು, ಆದರೆ ಊರಿನ ಗಾಳಿ ವರ್ಷದಿಂದ ವರ್ಷಕ್ಕೆ ಕೆಡುತ್ತಿದೆಯೋ ಸುಧಾರಿಸುತ್ತಿದೆಯೋ ಎಂದು ಹೇಳಬಹುದು. ಆಗಸ್ಟ್ 15, ಅಕ್ಟೋಬರ್ 2ರ ಗ್ರಾಮಸಭೆಗಳಲ್ಲಿ ರಸ್ತೆ, ನೀರು, ಬೀದಿದೀಪದ ಜೊತೆಗೆ ಈ ಬೇಡಿಕೆಯನ್ನೂ ಬರೆಸಬಹುದು. ಎಲ್ಲ ಕಾರ್ಖಾನೆಗಳು ಬಂದಮೇಲೆ ಅಳೆಯಲು ಹೊರಟರೆ ಅಂದಿನ ಗಾಳಿಯೇ ಆರಂಭದ ಶಿಲ್ಕು ಎಂದು ಪುಸ್ತಕದಲ್ಲಿ ಬರೆದುಬಿಡುತ್ತಾರೆ. ಹಿಂದೆ ಇದ್ದದ್ದು ಎಷ್ಟು, ಕಳೆದುಹೋದದ್ದು ಎಷ್ಟು ಎಂದು ಆಮೇಲೆ ಕೇಳಿದರೆ ಉತ್ತರ ಕೊಡುವವರು ಇರುವುದಿಲ್ಲ.