ಕಾಗೋಡಿನ ಕೊಳಗ ಮರೆತೀರಾ?

ಲೋಹಿಯಾ ಹೆಸರು ಗೊತ್ತು, ಶಾಂತವೇರಿ ಗೋಪಾಲಗೌಡರ ಹೆಸರೂ ಗೊತ್ತು. ಕಾಗೋಡಿನ ಗೇಣಿದಾರರಲ್ಲಿ ಒಬ್ಬರ ಹೆಸರಾದರೂ ಗೊತ್ತೇ?

1951ರ ಏಪ್ರಿಲ್. ಶಿವಮೊಗ್ಗ ಜಿಲ್ಲೆ, ಸಾಗರ ತಾಲ್ಲೂಕಿನ ಪುಟ್ಟ ಊರು ಕಾಗೋಡು. ಗೇಣಿ ಭತ್ತ ಅಳೆಯಲು ಒಡೆಯರ ಕೈಯಲ್ಲಿದ್ದದ್ದು ದೊಡ್ಡ ಕೊಳಗ. ಸರಿಯಾದ ಕೊಳಗದಲ್ಲಿ ಅಳೆಯಿರಿ ಎಂದರು ದೀವರ ರೈತರು. ಹಾಗೆ ಕೇಳಿದ್ದಕ್ಕೆ ಉಳುತ್ತಿದ್ದ ನೆಲದಿಂದಲೇ ಎಬ್ಬಿಸಿದರು! ಎಚ್. ಗಣಪತಿಯಪ್ಪನವರು ಕಟ್ಟಿದ ರೈತ ಸಂಘದ ಬೆನ್ನಿಗೆ ಸಮಾಜವಾದಿಗಳು ನಿಂತರು. ಹಿಡಿದ ದಾರಿ ಸತ್ಯಾಗ್ರಹ. ರೈತರು ತಂಡ ತಂಡವಾಗಿ ಗದ್ದೆಗಿಳಿದರು, ಜೈಲಿಗೆ ಹೋದರು. ಲೋಹಿಯಾ ಬಂದು ಬಂಧನಕ್ಕೊಳಗಾದಾಗ ದೇಶವೇ ಇತ್ತ ತಿರುಗಿ ನೋಡಿತು.

ನ್ಯಾಯ ಮಾತ್ರ ಕೂಡಲೇ ಬರಲಿಲ್ಲ. ‘ಉಳುವವನೇ ಹೊಲದೊಡೆಯ’ ಎಂಬ ಮಾತಿಗೆ ಕಾನೂನಿನ ಬಲ ಸಿಗಲು ದೇವರಾಜ ಅರಸರ ಕಾಲದ 1974ರ ಭೂಸುಧಾರಣೆ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಇಪ್ಪತ್ಮೂರು ವರ್ಷ!

ಇಂದು ನಗರದಲ್ಲಿ ದುಡಿಯುವ ಎಷ್ಟೋ ಮಂದಿಯ ಕಾಲೇಜು ಫೀಸು ಹುಟ್ಟಿದ್ದು ಆ ಕಾನೂನು ಕೊಟ್ಟ ತುಂಡು ಗದ್ದೆಯಲ್ಲಿ. ಜೋಗ ನೋಡಲು ಬೈಕೇರಿ ಹೋಗುವವರೇ, ಸಾಗರದಲ್ಲಿ ಚಹಾ ಕುಡಿದು ಮುಂದೆ ಓಡಬೇಡಿ. ಒಮ್ಮೆ ಕಾಗೋಡಿಗೂ ಹೋಗಿ. ನಿಮ್ಮ ಮನೆಯ ಅಜ್ಜ, ಅಜ್ಜಿಯರನ್ನೂ ಕೇಳಿ: ಯಾರಿಗೆ, ಎಷ್ಟು ಗೇಣಿ ಅಳೆದಿರಿ? ಹೇಳಿದ್ದನ್ನು ಹೆಸರುಸಹಿತ ಬರೆದಿಡಿ. ನಾಯಕರ ಪ್ರತಿಮೆಗೆ ಹಾರ ಹಾಕುವವರು ಬೇಕಾದಷ್ಟಿದ್ದಾರೆ. ಗದ್ದೆಗಿಳಿದವರನ್ನು ನೆನೆಯುವವರು ನಾವಲ್ಲದೆ ಇನ್ಯಾರು?